ಕುರ್ಲಾದ ಮೇಸ್ತ್ರಿ ಮತ್ತು ನಾಲ್ಕು ವಾಲ್ವ್‌ಗಳು

ಮೇಸ್ತ್ರಿಗಳ ಬಲಗೈಯ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತೂ ಗ್ರೀಸಿನಲ್ಲಿ ಕಪ್ಪಾಗಿ ಸವೆದು ಹೋಗಿದ್ದರೂ ಅದೊಂದನ್ನು ಜೋಪಾನವಾಗಿ ಬೆಳೆಸಿಕೊಂಡಿದ್ದರು. ಮೋಟಾರು ಎಂಜಿನ್ನಿನ ಹೊಸ ವಾಲ್ವ್ ಕೈಗೆ ಕೊಟ್ಟರೆ, ಅಣಬೆಯಂಥ ಅದರ ತಲೆಗೆ ಕೂಡಿದ ಉದ್ದ ಕಡ್ಡಿಯ ಮೇಲೆ ಆ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದರು. ಎಲ್ಲಾದರೂ ತಡೆದರೆ, ಅದು ಹಳೆಯದನ್ನು ಸಾಣೆ ಹಿಡಿದು ಹೊಸ ಡಬ್ಬಿಗೆ ತುಂಬಿದ ಮಾಲು ಎಂದು ತೀರ್ಪು. ತೀರ್ಪು ಕೊಡುವಾಗ ವಾಲ್ವನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಅದು ಐವತ್ತರ ದಶಕ. ನಮ್ಮ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲು ಸೇರಿದರೆ ನಾನು ಮಾತ್ರ ಗ್ರಾಂಟ್ ರೋಡಿನಲ್ಲಿ ಗುಜರಾತಿ ಶೇಠ್ ಒಬ್ಬರ ಮೋಟಾರ್ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೆ. ಮೇಸ್ತ್ರಿಗಳು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಪಳಗಿ ಬಂದು ಕುರ್ಲಾದಲ್ಲಿ ಗ್ಯಾರೇಜು ಹಾಕಿದವರು. ರೇಸಿಗೆ ಓಡುವ ಕಾರುಗಳ ಎಂಜಿನ್ನು ಬಿಚ್ಚಿ ಕಟ್ಟುವುದರಲ್ಲಿ ಅವರದು ದೊಡ್ಡ ಹೆಸರು. ಅನುಮಾನದಲ್ಲಿ ಅದಕ್ಕಿಂತ ದೊಡ್ಡ ಹೆಸರು. ನಾವು ಕೊಟ್ಟ ಚಹಾವನ್ನು ಕೂಡ ಮೂಸಿ ನೋಡಿಯೇ ಕುಡಿಯುತ್ತಿದ್ದರು.

ಎಂಜಿನ್ನಿನ ಸುಟ್ಟ ಹೊಗೆಯನ್ನು ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಓಟದ ಭರದಲ್ಲಿ ಕೆಂಡದಂತೆ ಕಾಯುತ್ತದೆ. ಉಕ್ಕು ಕಳಪೆಯಾದರೆ ಅದರ ತಲೆ ಮುರಿದು ಒಳಗೆ ಬೀಳುತ್ತದೆ, ಎಂಜಿನ್ನು ಪುಡಿಯಾಗುತ್ತದೆ, ಅಂಥ ವೇಗದಲ್ಲಿ ಕಾರು ನಡೆಸುವವನ ಜೀವಕ್ಕೂ ಭರವಸೆಯಿಲ್ಲ. ಬಿಸಿ ತಾಳುವ ಒಳ್ಳೆಯ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕೇ ಮೇಸ್ತ್ರಿಗಳ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಮೊದಲು ಉಗುರು, ಆಮೇಲೆ ಕಡ್ಡಿ ನೆಟ್ಟಗಿದೆಯೇ ಎಂದು ಕೌಂಟರಿನ ಗಾಜಿನ ಮೇಲೆ ಉರುಳಿಸುವುದು, ಕೊನೆಗೆ ಅಯಸ್ಕಾಂತ. "ಡಬ್ಬಿ ಮ್ಯಾಲಿಂದು ಛಾಪಖಾನಿಯವ ಬರ್ದಿದ್ದು. ಅವಗೇನ್ ಗೊತ್ತೈತಿ ಒಳಗಿಂದು?" ಎನ್ನುತ್ತಿದ್ದರು.

ಒಮ್ಮೆ ಪಾರ್ಸಿ ತರುಣನೊಬ್ಬನ ರೇಸ್ ಕಾರಿಗೆ ನಾಲ್ಕು ಎಕ್ಸಾಸ್ಟ್ ವಾಲ್ವ್ ಬೇಕೆಂದು ಬಂದರು. ಇಂಗ್ಲೆಂಡಿನಿಂದ ಹೊಸದಾಗಿ ಬಂದ ಪೆಟ್ಟಿಗೆಯನ್ನು ಹಿಂದಿನ ದಿನವಷ್ಟೇ ನಾನೇ ಒಡೆದಿದ್ದೆ. ವಾಲ್ವ್‌ಗಳ ತಲೆಗೆ ಸುತ್ತಿದ ಮೇಣದ ಕಾಗದವನ್ನೂ ತೆಗೆಯದೆ ಮುಂದಿಟ್ಟೆ. ಉಗುರು ತಡೆಯಲಿಲ್ಲ, ಗಾಜಿನ ಮೇಲೆ ಚೆನ್ನಾಗಿ ಉರುಳಿದವು. ಎಂದಿನಂತೆ ಕಡ್ಡಿಯ ತುದಿಗೆ ಅಯಸ್ಕಾಂತ ಹಿಡಿದರು. ಟಕ್ಕನೆ ಅಂಟಿತು. ನಾಲ್ಕೂ ಅಂಟಿದವು.

"ಕಳ್ಳ ಮಾಲು!" ಎಂದು ಅಂಗಡಿ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ ಕೂಗಿದರು. "ಒಬ್ಬನ ಜೀವಾ ತಗೀಲಿಕ್ಕೆ ಹೊಂಟೀಯೇನೋ?"

"ನಾನು ಸುಳ್ಳು ಹೇಳುದಿಲ್ಲ ಮಾರಾಯ್ರೆ, ಪೆಟ್ಟಿಗೆ ನಾನೇ ಒಡೆದದ್ದು" ಎಂದೆ. ಯಾಕೆ ಅಂಟಿತೆಂದು ಹೇಳಲು ಮಾತ್ರ ನನಗೂ ತಿಳಿಯಲಿಲ್ಲ. ಶೇಠ್ ತನ್ನ ಹೆಸರು ಉಳಿಸಿಕೊಳ್ಳಲು ನನ್ನನ್ನೇ ನೀರಿಗೆ ತಳ್ಳಿದರು. ನಾನೇ ಮಾಲು ಬದಲಾಯಿಸಿರಬೇಕೆಂದು ಎಲ್ಲರೆದುರು ಹೇಳಿ "ಕಲ್ ಸೇ ಮತ್ ಆನಾ" ಎಂದು ಕೆಲಸದಿಂದ ತೆಗೆದರು. ಮೇಸ್ತ್ರಿಗಳು ಸಾಕ್ಷಿಗೆಂದು ಒಂದು ವಾಲ್ವನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಆ ಪೇಟೆಯಲ್ಲಿ ಕಳ್ಳನೆನಿಸಿಕೊಂಡವನಿಗೆ ಇನ್ನೊಂದು ಅಂಗಡಿ ಬಾಗಿಲು ತೆರೆಯುವುದಿಲ್ಲ. ಎರಡು ದಿನ ಅಲೆದೆ. ಹೋದಲ್ಲೆಲ್ಲ ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿತ್ತು. ಈ ಮುದುಕನೂ ಶೇಠನೂ ಸೇರಿ ಆಡಿದ ನಾಟಕವಿರಬಹುದೇ ಎಂಬ ಗುಮಾನಿ ಬೇರೆ ತಲೆ ಹೊಕ್ಕಿತು. ಮೂರನೆಯ ದಿನ ನಮ್ಮೂರವರ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದಾಗ ಯಾರೋ ಮಣಿಕಟ್ಟು ಹಿಡಿದರು. ನೋಡಿದರೆ ಮೇಸ್ತ್ರಿಗಳು.

"ಏಳು. ನಡಿ."

ಪೊಲೀಸ್ ಠಾಣೆಗೇ ಎಂದುಕೊಂಡೆ. ಅವರು ನನ್ನನ್ನು ಎಳೆದುಕೊಂಡು ಹೋದದ್ದು ಶೇಠರ ಅಂಗಡಿಗೆ. ಮೊನ್ನೆ ನಿಂತಿದ್ದ ಜಾಗದಲ್ಲೇ ನಿಂತು, ತಾವು ಒಯ್ದು ಉದ್ದುದ್ದಕ್ಕೆ ಸೀಳಿದ್ದ ವಾಲ್ವನ್ನು ಕೌಂಟರಿನ ಮೇಲಿಟ್ಟರು. ಕಡ್ಡಿಯ ನಡುವೆ ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ತಲೆ ಒಂದು ಉಕ್ಕು, ಕಡ್ಡಿ ಇನ್ನೊಂದು ಉಕ್ಕು, ಎರಡನ್ನೂ ಬೆಸೆದು ಮಾಡಿದ ಹೊಸ ತರದ ವಾಲ್ವ್ ಅದು. ಬಿಸಿ ತಾಳಬೇಕಾದ ತಲೆಗೆ ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ಮೊನ್ನೆ ಬೈದಷ್ಟೇ ಜೋರು ದನಿಯಲ್ಲಿ, ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ, ಎಲ್ಲ ಗಿರಾಕಿಗಳಿಗೂ ಕೇಳುವಂತೆ ಹೇಳಿದರು: ಮಾಲು ಅಸಲಿ, ಈ ಮನುಷ್ಯ ಅಸಲಿ, ತಪ್ಪು ನನ್ನದು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು. ನನಗಿಂತ ಮೂವತ್ತು ವರ್ಷ ದೊಡ್ಡವರು! ನನಗೆ ಅಳು ಬಂತು. ಶೇಠ್ ಮುಖ ಗಂಟಿಕ್ಕಿಕೊಂಡೇ ನನ್ನನ್ನು ಕೌಂಟರಿನ ಒಳಗೆ ಕರೆದರು.

ಮುಂದಿನ ವಾರ ಮೇಸ್ತ್ರಿಗಳು ಬಂದು ಮತ್ತೆ ಉಗುರು ಎಳೆದರು, ಗಾಜಿನ ಮೇಲೆ ಉರುಳಿಸಿದರು, ಈಗ ಕಡ್ಡಿಗೂ ತಲೆಗೂ ಅಯಸ್ಕಾಂತ ಹಿಡಿದರು. ನನಗೆ ರೇಗಿತು.

"ಇನ್ನೂ ನನ್ನ ಮೇಲೆ ಅನುಮಾನವಾ ಮೇಸ್ತ್ರಿಗಳೇ?"

"ನಿನ್ನ ಮ್ಯಾಲ ಇಲ್ಲೋ ತಮ್ಮಾ. ನನ್ನ ಮ್ಯಾಲ ಐತಿ."

ಈ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಬಾಯುಪಚಾರಕ್ಕೆ ಹೇಳಿದ್ದಾರೆ ಎಂದೇ ಎಣಿಸಿದೆ. ಆಮೇಲಿನ ನಾಲ್ಕು ವರ್ಷ ಅವರು ನನ್ನ ಕೈಯಿಂದ ಒಂದು ವಾಲ್ವನ್ನೂ ಪರೀಕ್ಷಿಸದೆ ಒಯ್ಯಲಿಲ್ಲವಲ್ಲ!

ಒಂದು ಬೆಳಿಗ್ಗೆ ಅವರ ಬದಲು ಅವರ ಭಾವಮೈದುನ ಬಂದ. ಜ್ವರ ಬಂದು ಹತ್ತೇ ದಿನದಲ್ಲಿ ಮೇಸ್ತ್ರಿಗಳು ತೀರಿಕೊಂಡಿದ್ದರು. ಗ್ಯಾರೇಜಿನಲ್ಲಿ ಒಂದು ರೇಸಿನ ಎಂಜಿನ್ನು ಬಿಚ್ಚಿಟ್ಟಿದ್ದು ಹಾಗೇ ಇದೆಯಂತೆ. ಅದಕ್ಕೆ ಬೇಕಾದ ವಾಲ್ವ್‌ಗಳ ಚೀಟಿಯನ್ನು ಕೌಂಟರಿನ ಮೇಲಿಟ್ಟ. ನಾನು ವಾಲ್ವ್‌ಗಳನ್ನು ಅವನ ಮುಂದೆ ಹರಡಿ, ನೋಡಿಕೋ ಎಂದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ್ರಿ. ನಮ್ ಭಾವಾರು ಹೇಳಿಟ್ಟಾರ. ಬ್ಯಾರೆಯವ್ರು ಕೊಟ್ರ ಹತ್ತು ಸಲ ನೋಡು, ಆ ಉಡುಪಿಯವ ಕೊಟ್ರ ಕಣ್ಣು ಮುಚ್ಕೊಂಡು ತಗೊಂಡ್ ಬಾ ಅಂತ. ನೀವ ಆರಿಸಿ ಕೊಡ್ರಿ, ನಾ ಹೊರಗ ಕೂತಿರ್ತೀನಿ."

ಅವನು ಹೊರಗೆ ಹೋಗಿ ಕೂತ. ಇಷ್ಟು ವರ್ಷ ಅದೇ ಮಾಲನ್ನು ಬರೀ ಎಣಿಸಿ ಕೊಟ್ಟಿದ್ದ ನನಗೆ ಆ ದಿನ ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿ ನೋಡುತ್ತ ನಾಲ್ಕು ವಾಲ್ವ್ ಆರಿಸಲು ಮಧ್ಯಾಹ್ನವಾಯಿತು.