ಮಂಡಿ ಯಜಮಾನರ ಮೊಮ್ಮಗಳು

‘ಫರ್ಗಿವ್ ಅಂಡ್ ಫರ್ಗೆಟ್’ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಎರಡರಲ್ಲೂ ನಾನು ಫೇಲ್.

ಎಂಬತ್ತರ ದಶಕದ ಶುರುವಿನಲ್ಲಿ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದಾಗ ಹುಡುಗಿಯರ ಫುಟ್‌ಬಾಲ್ ಟೀಮ್ ಕಟ್ಟಿದ್ದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮನೆಯಿಂದ ಬರುತ್ತಿದ್ದ ಒಬ್ಬಳ ಎಡಗಾಲು, ಮೈ ಗಾಡ್, ಅಂಥದ್ದನ್ನು ಮತ್ತೆಲ್ಲೂ ಕಾಣಲಿಲ್ಲ. ಟೊಮೆಟೊ ಮಂಡಿಯ ಯಜಮಾನರೊಬ್ಬರು ಆಗ ಊರಿನ ಕ್ರೀಡಾ ಸಮಿತಿಯ ಅಧ್ಯಕ್ಷರು. ಮನೆಮನೆಗೂ ಹೋಗಿ, “ಚಡ್ಡಿ ಹಾಕ್ಕೊಂಡು ಕುಣಿಯೋಳನ್ನ ಯಾರಮ್ಮ ಮದ್ವೆ ಆಗ್ತಾರೆ?” ಎಂದು ತಾಯಂದಿರನ್ನು ಹೆದರಿಸಿದರು. ಟೀಮ್ ಚದುರಿತು. ಎಡಗಾಲಿನವಳಿಗೆ ಮೀಸೆ ಹಣ್ಣಾದ ಗಂಡ ಸಿಕ್ಕಿದ.

ತೊಂಬತ್ತರ ದಶಕದಲ್ಲಿ ನಾನು ದೇಶದ ಮಹಿಳಾ ತಂಡದ ಕೋಚ್. ಬೆಂಗಳೂರಿನ ಕ್ಯಾಂಪಿಗೆ ಅದೇ ಯಜಮಾನರು ಮಾವಿನಹಣ್ಣಿನ ಬುಟ್ಟಿಯೊಂದಿಗೆ ಬಂದರು. ಜೊತೆಗೆ ಮೊಮ್ಮಗಳು, ಚಡ್ಡಿಯಲ್ಲೇ.

“ಕಾಲೇಜ್ ಟೀಮಲ್ಲಿ ಆಡ್ತಾಳೆ ತಾಯಿ. ಒಂದು ಕ್ಯಾಂಪ್ ಸರ್ಟಿಫಿಕೇಟ್ ಆದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು. ಆಮೇಲೆ ಬಾಲ್ ಮುಟ್ಟೋದೇ ಬೇಡ.”

ನನ್ನ ಗುರುತೇ ಅವರಿಗೆ ಹತ್ತಲಿಲ್ಲ! ಹುಡುಗಿ ಚೆಂಡು ಹೊಡೆಯುವುದನ್ನು ನೋಡಿದೆ. ಒರಟು, ಆದರೆ ಕಾಲಿನಲ್ಲಿ ಜೀವವಿತ್ತು. ಸರ್ಟಿಫಿಕೇಟ್ ಕೊಡದೆ ಅಟ್ಟುವುದು ಚೀಪ್ ರಿವೆಂಜ್ ಅನ್ನಿಸಿತು. “ಬಿಟ್ಟು ಹೋಗಿ ಯಜಮಾನರೇ,” ಎಂದೆ.

ಯಾರಿಗೂ ಕಲಿಸದಷ್ಟು ಅವಳಿಗೆ ಕಲಿಸಿದೆ. ಮಿಕ್ಕವರು ಮಲಗಿದ ಮಧ್ಯಾಹ್ನಗಳಲ್ಲೂ ಓಡಿಸಿದೆ. ಗೋಲು ಹೊಡೆದು ಅವಳು ಕಿರುಚಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಇವಳಿಗೆ ಆಟದ ಹುಚ್ಚು ಹಿಡಿಯುತ್ತಿದೆ, ಇನ್ನು ಸ್ವಲ್ಪ, ಇನ್ನು ಸ್ವಲ್ಪ. ಸರ್ಟಿಫಿಕೇಟೂ ಕೊಟ್ಟೆ, ಸೀಟೂ ಸಿಕ್ಕಿತು. ಅವಳು ಸೇರಲಿಲ್ಲ. ನ್ಯಾಷನಲ್ ಟೀಮಿಗೆ ಆಯ್ಕೆಯಾಗಿದ್ದಳು.

ಯಜಮಾನರು ಕ್ಯಾಂಪಿನ ನನ್ನ ಆಫೀಸಿಗೆ ಧಾವಿಸಿ ಬಂದರು. “ಮಗು ತಲೆ ಕೆಡಿಸ್ಬಿಟ್ರಲ್ಲಮ್ಮ! ನಿಮ್ಮನೆ ಹೆಣ್ಣಾಗಿದ್ರೆ ಹಿಂಗ್ ಮಾಡ್ತಿದ್ರಾ?”

“ಚಿಂತಾಮಣೀಲಿ ನನ್ನ ಟೀಮನ್ನೇ ಕಿತ್ಕೊಂಡ್ರಲ್ಲ, ಅವರೆಲ್ಲ ನಮ್ಮನೆ ಹೆಣ್ಣುಗಳೇ. ನಾನು ಒಬ್ಬಳನ್ನ ತಗೊಂಡೆ, ಅಷ್ಟೇ.”

ಆಗ ಗುರುತು ಹತ್ತಿತು. ಮುಖ ಬಿಳಿಚಿಕೊಂಡಿತು. ಎಷ್ಟು ವರ್ಷ ಕಾದಿದ್ದೆ ಆ ಮುಖಕ್ಕೆ!

ಹುಡುಗಿ ಬೂಟಿನ ದಾರ ಕಟ್ಟುತ್ತಲೇ, “ತಾತ, ಪ್ರಾಕ್ಟೀಸಿಗೆ ಲೇಟಾಯ್ತು. ಬಂದ್ಮೇಲೆ ಬೈಯಿವಂತೆ,” ಎಂದು ಓಡಿದಳು.

ಅವರು ಕಿಟಕಿಯಿಂದ ಮೈದಾನವನ್ನೇ ನೋಡುತ್ತಾ ಕೂತರು. ಆಮೇಲೆ ನನ್ನತ್ತ ತಿರುಗಿ, “ಭಾನುವಾರದ ಮ್ಯಾಚಿಗೆ ಒಂದು ಪಾಸು...” ಎಂದರು.

ಡ್ರಾಯರಿನಲ್ಲಿ ಪಾಸುಗಳ ಕಟ್ಟೇ ಇತ್ತು.

“ಕ್ಯೂನಲ್ಲಿ ನಿಂತು ಟಿಕೆಟ್ ತಗೊಳ್ಳಿ ಯಜಮಾನರೇ,” ಎಂದೆ.