ಸೇಸಪ್ಪಣ್ಣನನ್ನು ಜೋಡಿ ಎಂದುಕೊಂಡ ಗಿಡುಗ

ಶಮ್ಸಾ ಎಂಬ ಹೆಣ್ಣು ಗಿಡುಗಕ್ಕೆ ನಮ್ಮ ಸೇಸಪ್ಪಣ್ಣನೇ ಗಂಡ. ಇದು ತಮಾಷೆಯಲ್ಲ, ಅವರ ಉದ್ಯೋಗವೇ ಅದು. ಇಲ್ಲಿ ಗಲ್ಫಿನಲ್ಲಿ, ಸೀಬ್ ದಾಟಿ ಬರ್ಕಾ ಕಡೆಗೆ ಹೋದರೆ ಅವರ ಅರ್ಬಾಬ್‌ನ, ಅಂದರೆ ಯಜಮಾನರ, ತೋಟವಿದೆ. ಅಲ್ಲಿ ಬೇಟೆಯ ಗಿಡುಗಗಳನ್ನು ಸಾಕಿ ಮರಿ ಮಾಡಿಸುತ್ತಾರೆ. ಪುತ್ತೂರಿನಿಂದ ಎ.ಸಿ. ಮೆಕ್ಯಾನಿಕ್ ಆಗಿ ಬಂದಿದ್ದ ಸೇಸಪ್ಪಣ್ಣ ಹಕ್ಕಿಗಳ ಕೋಣೆಯ ರಿಪೇರಿಗೆಂದು ಹೋದವರು ಅಲ್ಲೇ ಉಳಿದುಬಿಟ್ಟರು. ಆಗಷ್ಟೇ ಮೊಟ್ಟೆಯೊಡೆದು ಬಂದ ಒಂದು ಮರಿಯನ್ನು ಅರ್ಬಾಬ್ ಅವರ ಕೈಗೆ ಕೊಟ್ಟರಂತೆ, ಅದೇ ಈ ಶಮ್ಸಾ. ಹಾಗೆ ಮನುಷ್ಯನ ಕೈಯಲ್ಲೇ ತಿಂದು ಬೆಳೆದ ಗಿಡುಗ ಬೇರೆ ಗಿಡುಗವನ್ನು ಹತ್ತಿರ ಸೇರಿಸುವುದಿಲ್ಲ. ಸಾಕಿದವರನ್ನೇ ತನ್ನ ಜೋಡಿ ಎಂದುಕೊಳ್ಳುತ್ತದೆ.

ಚಳಿ ಕಡಿಮೆಯಾಗುತ್ತಾ ಬಂದಂತೆ ಸೇಸಪ್ಪಣ್ಣ ದಿನಾ ಅವಳ ಕೋಣೆಗೆ ಹೋಗಿ, ತಲೆ ಬಗ್ಗಿಸಿ, ಗಂಡು ಗಿಡುಗದಂತೆ ಚಿಪ್ ಚಿಪ್ ಎಂದು ಕೂಗಿ ಮಾಂಸದ ತುಣುಕು ಕೊಡಬೇಕು. ಅವಳೂ ತಲೆ ಬಗ್ಗಿಸಿ ಉತ್ತರ ಕೊಟ್ಟರೆ ಮೊಟ್ಟೆಯ ಆಸೆ ಇಟ್ಟುಕೊಳ್ಳಬಹುದು. ಗಂಡು ಗಿಡುಗದ ವೀರ್ಯವನ್ನು ಸಿರಿಂಜಿನಲ್ಲಿ ತರುವ ಡಾಕ್ಟರದು ಒಂದು ಪಾಲು, ಪ್ರೀತಿಯ ಪಾಲು ಪೂರ್ತಿ ಸೇಸಪ್ಪಣ್ಣನದು. ಊರಲ್ಲಿ ಮದುವೆ ಮುಂಜಿಗಳ ಕಾಲವೂ ಅದೇ, ಇವರಿಗೆ ರಜೆ ಇಲ್ಲದ ಕಾಲವೂ ಅದೇ. ಊರಿಗೆ ಹೋಗುತ್ತಿದ್ದದ್ದು ಯಾರ ಮನೆಯಲ್ಲೂ ಏನೂ ನಡೆಯದ ಆಟಿ ತಿಂಗಳಲ್ಲಿ. ಮಗಳು ದೀಕ್ಷಿತಾಳನ್ನು ಅವಳ ದೊಡ್ಡಪ್ಪ ಧಾರೆಯೆರೆದು ಕೊಟ್ಟರು, ಅಪ್ಪ ಇಲ್ಲಿ ಕೂತು ಫೋನಿನಲ್ಲಿ ನೋಡಿದರು. ಅವರ ಊರಿನವಳೇ ಆದ ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವರ ಹೆಂಡತಿ ದಮಯಂತಿಯಕ್ಕ ಮಾತ್ರ ಒಂದು ಮಾತೂ ಆಡಲಿಲ್ಲ.

ಈ ವರ್ಷ ದಮಯಂತಿಯಕ್ಕ ಮೊದಲ ಸಲ ವಿಸಿಟ್ ವೀಸಾದಲ್ಲಿ ಬಂದರು. ತೋಟದ ಕೆಲಸದವರ ರೂಮಿನಲ್ಲಿ ಹೆಂಗಸರು ಇರುವಂತಿಲ್ಲವಾದ್ದರಿಂದ ಸೀಬ್‌ನ ನಮ್ಮ ಫ್ಲ್ಯಾಟಿನಲ್ಲೇ ಇದ್ದರು. ಒಂದು ಶುಕ್ರವಾರ ಅವರನ್ನು ಕಾರಿನಲ್ಲಿ ತೋಟಕ್ಕೆ ಕರೆದುಕೊಂಡು ಹೋದೆ. ಶಮ್ಸಾ ಆಗಲೇ ಉತ್ತರ ಕೊಡಲು ಶುರುಮಾಡಿದ್ದಳು. ವಯಸ್ಸಾದ ಹಕ್ಕಿ, ಮೊಟ್ಟೆ ಇಡುವುದು ಬಹುಶಃ ಇದೇ ಕೊನೆಯ ಸಲ ಎಂದು ಡಾಕ್ಟರು ಹೇಳಿದ್ದರು. ಸೇಸಪ್ಪಣ್ಣನ ಜೀವವೆಲ್ಲ ಆ ಮೊಟ್ಟೆಗಳ ಮೇಲೆಯೇ ಇತ್ತು.

ನಾವು ಹೊರಗೆ ನಿಂತು ಕ್ಯಾಮೆರಾದ ಪರದೆಯಲ್ಲಿ ನೋಡಿದೆವು. ಸೇಸಪ್ಪಣ್ಣ ತಲೆ ಬಗ್ಗಿಸಿ, "ಬಲ, ಬಲ," ಎಂದು ತುಳುವಿನಲ್ಲಿ ಅವಳನ್ನು ಕರೆಯುತ್ತಿದ್ದರು.

"ಇಷ್ಟು ಮೆತ್ತಗೆ ಮಾತಾಡ್ಲಿಕ್ಕೆ ಇವರಿಗೆ ಬರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದರು ದಮಯಂತಿಯಕ್ಕ.

ಹೊರಗೆ ಬಂದ ಸೇಸಪ್ಪಣ್ಣ ಹೆಂಡತಿಯ ಮುಖ ನೋಡಿದರು. ಏನನಿಸಿತೋ, "ಬಾ, ಒಳಗೆ ಬಂದು ನೋಡು," ಎಂದರು. ಈ ದಿನಗಳಲ್ಲಿ ಆ ಕೋಣೆಗೆ ಅರ್ಬಾಬ್ ಕೂಡ ಕಾಲಿಡುವಂತಿರಲಿಲ್ಲ. ಬೇಡ ಎಂದು ನಾನು ತಡೆದೆ.

"ಇವಳೆಂತ ಹೊರಗಿನವಳಾ ಆಶಿತಾ? ನನ್ನ ಹೆಂಡತಿ ಅಲ್ವಾ ಮಾರಾಯ್ತಿ?"

ಹೊರಗಿನವರಾಗಿದ್ದರೆ ಅಷ್ಟು ಅನಾಹುತ ಆಗುತ್ತಿರಲಿಲ್ಲವೋ ಏನೋ. ಸೇಸಪ್ಪಣ್ಣ ಹೆಂಡತಿಯ ಭುಜದ ಮೇಲೆ ಕೈಯಿಟ್ಟದ್ದೇ ತಡ, ಶಮ್ಸಾ ಕಿರುಚುತ್ತಾ ಮೇಲೆರಗಿದಳು. ಇಬ್ಬರೂ ಹೇಗೋ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಒಳಗಿನ ಕಿರುಚಾಟ ಬಹಳ ಹೊತ್ತು ನಿಲ್ಲಲಿಲ್ಲ.

ಮಾರನೆಯ ದಿನದಿಂದ ಶಮ್ಸಾ ಸೇಸಪ್ಪಣ್ಣನಿಗೆ ಬೆನ್ನು ಹಾಕಿ ಕೂತಳು. ಅವರು ಎಷ್ಟು ಬಗ್ಗಿದರೂ ಎಷ್ಟು ಕೂಗಿದರೂ ತಿರುಗಲಿಲ್ಲ. ಅವರ ಕೈಯಿಂದ ಮಾಂಸ ಮುಟ್ಟಲಿಲ್ಲ, ಅವರು ಹೋದ ಮೇಲೆ ತಿನ್ನುತ್ತಿದ್ದಳು. ಹಾಗೇ ಬೇಸಿಗೆ ಬಂತು, ಮೊಟ್ಟೆಯಿಡುವ ಕಾಲ ಮುಗಿಯಿತು. ಅರ್ಬಾಬ್ ಒಳ್ಳೆಯ ಮನುಷ್ಯರು, ಬೈಯಲಿಲ್ಲ. "ಖಲಾಸ್, ಸೇಸಪ್ಪ," ಎಂದು ಮೊಟ್ಟೆಗೆ ಕಾವು ಕೊಡಲೆಂದು ಸಿದ್ಧವಾಗಿದ್ದ ಮೆಷಿನ್ ಆಫ್ ಮಾಡಿಸಿದರು.

ಅವತ್ತು ಸಂಜೆ ಸೇಸಪ್ಪಣ್ಣ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕುಸಿದು ಕೂತು ಅತ್ತುಬಿಟ್ಟರು. "ಪಾಪ, ನನ್ನಿಂದಾಗಿ ಅವಳಿಗೆ ಹೀಗಾಯ್ತು. ಎಷ್ಟು ನಂಬಿದ್ಲು ನನ್ನನ್ನು."

ದಮಯಂತಿಯಕ್ಕ ಚಾ ತಂದು ಅವರ ಮುಂದೆ ಇಟ್ಟರು.

"ಹೌದು, ಪಾಪ," ಎಂದರು. "ನನ್ನನ್ನು ಒಂದು ಸಲ ನೋಡಿದ್ದಕ್ಕೇ ಅವಳು ಅಷ್ಟು ಕಿರುಚಿದ್ಲು. ನಾನು ಇಷ್ಟು ವರ್ಷ ಸುಮ್ಮನೆ ಕೂತೆ. ದೀಕ್ಷಿತಾನ ಮದುವೆಗಾದ್ರೂ ನಾನು ಕಿರುಚಬೇಕಿತ್ತು."

ಸೇಸಪ್ಪಣ್ಣನ ಅಳು ನಿಂತಿತು. ಆ ಚಾವನ್ನು ಅವರು ಕುಡಿಯಲೇ ಇಲ್ಲ.