ಅಂಟಿಸಿದ ಕಾರ್ಪೆಟ್ಟಿನ ತೆರಿಗೆ

ಬ್ರಹ್ಮಾವರದಲ್ಲಿ ನಾನೂ ಅತ್ತಿಗೆಯೂ ಸೇರಿ ಸೀರೆ ಅಂಗಡಿ ತೆರೆದದ್ದು ಒಂದು ಬಾಡಿಗೆ ಕಟ್ಟಡದ ಮಹಡಿಯಲ್ಲಿ. ಗಾಳಿ ಬೆಳಕು ಚೆನ್ನಾಗಿತ್ತು. ನೆಲ ಮಾತ್ರ ಬರೀ ಸಿಮೆಂಟು, ಅಲ್ಲಲ್ಲಿ ಪುಡಿ ಏಳುತ್ತಿತ್ತು. ಅಂಥ ನೆಲದ ಮೇಲೆ ರೇಷ್ಮೆ ಸೀರೆ ಬಿಡಿಸುವುದು ಹೇಗೆ? ಮೆರೂನ್ ಬಣ್ಣದ ಕಾರ್ಪೆಟ್ ಹಾಕಿಸುವುದೆಂದು ತೀರ್ಮಾನವಾಯಿತು.

ಅತ್ತಿಗೆ ಉಪ್ಪುಂದದವಳು, ಮೀನು ವ್ಯಾಪಾರದ ಮನೆಯಲ್ಲಿ ಬೆಳೆದವಳು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಜಾಯಮಾನದವಳಲ್ಲ. ಸುಮ್ಮನೆ ಹಾಸಿದರೆ ಸಾಲದೇ ಅಂದೆ ನಾನು. ಅಂಚು ಮಡಚಿಕೊಂಡು ಯಾರಾದರೂ ಅಜ್ಜಿ ಎಡವಿ ಬಿದ್ದರೆ ನೀನು ಹೊರುತ್ತೀಯಾ ಎಂದು ಕೇಳಿದಳು. ಮುಂಬಯಿಯ ಹೋಟೆಲುಗಳಲ್ಲಿ ಇದೇ ಕೆಲಸ ಮಾಡಿ ಬೈಂದೂರಿಗೆ ಮರಳಿದ್ದ ಒಬ್ಬರನ್ನು ಕರೆಸಿ, ಮೂಲೆಮೂಲೆಗೂ ಗಮ್ ಬಳಿಸಿ ಅಂಟಿಸಿದಳು. ಅವರು ಹೋದ ಮೇಲೆ ಹಿಮ್ಮಡಿಯಿಂದ ಒತ್ತಿ ಒತ್ತಿ ಪರೀಕ್ಷೆಯನ್ನೂ ಮಾಡಿದಳು.

ವರ್ಷದ ಕೊನೆಗೆ ಲೆಕ್ಕಪತ್ರ ಹಿಡಿದು ಕುಂದಾಪುರದ ನಮ್ಮ ಆಡಿಟರ ಹತ್ತಿರ ಹೋದೆ. ನಗುವುದಕ್ಕೂ ಆಧಾರ ಕೇಳುವಂಥ ಮನುಷ್ಯ ಅವರು. ಕಾರ್ಪೆಟ್ಟಿನ ಬಿಲ್ಲು ಬಂದಾಗ ಕನ್ನಡಕ ಸರಿಮಾಡಿಕೊಂಡು, ಇದು ಅಂಟಿಸಿದ್ದೋ ಹಾಸಿದ್ದೋ ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಹಾಸಿದ್ದಾದರೆ ಅದು ಮೇಜು ಕುರ್ಚಿಯ ಹಾಗೆ ಒಂದು ಸಾಮಾನು. ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಏಳದ ಹಾಗೆ ಅಂಟಿಸಿದ್ದಾದರೆ ಅದು ಕಟ್ಟಡದ ಭಾಗ. ಆ ಅನುಕೂಲ ಇಲ್ಲ. ಅಂಟಿಸಿದ್ದು ಹೌದು, ಎಳೆದರೆ ಬರಬಹುದು ಎಂದೆ.

"ಬರ್‍ಬಹುದು ಅಂದ್ರೆ ಆತಿಲ್ಲ. ನಾ ಕಂಡೇ ಹೇಳ್ಕ್" ಎಂದರು.

ಮುಂದಿನ ಭಾನುವಾರ ಮದುವೆ ಊಟಕ್ಕೆ ಹೊರಟವರು ಹಾಗೆಯೇ ನಮ್ಮಲ್ಲಿ ಇಳಿದರು. ಬಿಳಿ ಪಂಚೆ, ಜರಿ ಶಲ್ಯ. ಆಡಿಟರು ಕಾರ್ಪೆಟ್ ನೋಡಲು ಬರುತ್ತಾರೆ ಎಂದಷ್ಟೇ ನಾನು ಅತ್ತಿಗೆಗೆ ಹೇಳಿದ್ದೆ. ಕೆಲಸದ ಗುಣಮಟ್ಟ ನೋಡಲು ಬಂದಿದ್ದಾರೆಂದು ಅವಳು ತಿಳಿದುಕೊಂಡಿದ್ದಳು. ಅವರು ಶಲ್ಯ ಬದಿಗಿಟ್ಟು, ಮೊಣಕಾಲೂರಿ ಒಂದು ಮೂಲೆ ಹಿಡಿದು ಎಳೆದರು. ಬರಲಿಲ್ಲ. ಇನ್ನೊಂದು ಮೂಲೆಗೆ ಹೋದರು. ಅಲ್ಲೂ ಅದೇ. ಅತ್ತಿಗೆಯ ಮುಖ ಅರಳಿತು.

"ಎಷ್ಟ್ ಎಳುದ್ರೂ ಬತ್ತಿಲ್ಲ ಸರ್. ಬೇಕಾರೆ ನೆಲ ಕಿತ್ತ್ ಬಕ್ಕ್, ಅದ್ ಬತ್ತಿಲ್ಲ."

ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅದನ್ನು ಮೆಚ್ಚುಗೆಯೆಂದುಕೊಂಡ ಅವಳು ಗಮ್ಮಿನ ಡಬ್ಬ ಎಷ್ಟು ದೊಡ್ಡದಿತ್ತೆಂದೂ ಕೈಯಗಲಿಸಿ ತೋರಿಸಿದಳು.

ಅಷ್ಟರಲ್ಲಿ ಸದ್ದು ಕೇಳಿ ಕಟ್ಟಡದ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಸಾಲಿಗ್ರಾಮದ ಕಡೆ ದೇವಸ್ಥಾನದ ಚಾಕರಿಯಿಂದ ನಿವೃತ್ತರಾಗಿ ಕೆಳಗಿನ ಮನೆಯಲ್ಲೇ ಇದ್ದವರು. ಅಂಟಿದ ಕಾರ್ಪೆಟ್ ಕಟ್ಟಡಕ್ಕೆ ಸೇರಿದ್ದು ಎಂದು ಆಡಿಟರು ಹೇಳಿದ ಮಾತು ಅವರಿಗೆ ಬಹಳ ಹಿಡಿಸಿತು. ಹಾಗಾದರೆ ಅದು ತನ್ನದೇ ಎಂದು ಕಾಲಿಂದ ಸವರಿ ನೋಡಿದರು.

"ಹ್ವಾಯ್, ನಿಮ್ದಾರೆ ನಾಳೆಯಿಂದ ನೀವೇ ಗುಡ್ಸಿ" ಎಂದಳು ಅತ್ತಿಗೆ.

ಆಡಿಟರು ಮೊಣಕಾಲಿನ ಧೂಳು ಕೊಡವಿಕೊಂಡು ತೀರ್ಪು ಹೇಳಿದರು. ಜಿಎಸ್‌ಟಿ ಕಳೆಯುವಂತಿಲ್ಲ. ಆದರೆ ಆದಾಯ ತೆರಿಗೆಯಲ್ಲಿ ವರ್ಷಕ್ಕಿಷ್ಟು ಸವಕಳಿ, ಅಂದರೆ ಸವೆದು ಬೆಲೆ ಇಳಿಯಿತೆಂದು, ತೋರಿಸಬಹುದು. ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಮಾಡಿಸಿದ ಭಾಗಕ್ಕೆ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರಿದ್ದ ಹಾಗೆ. ಈಗ ನಿಜವಾದ ಮಾಲೀಕರ ಮುಖ ಸಪ್ಪಗಾಯಿತು. ತನ್ನ ಕಟ್ಟಡಕ್ಕೆ ಇವರು ಹೇಗೆ ಮಾಲೀಕರಾಗುತ್ತಾರೆಂದು ಕೇಳಿದರು. ತೆರಿಗೆಯ ಮಟ್ಟಿಗೆ ಮಾತ್ರ ಎಂದು ಆಡಿಟರು ಎಷ್ಟು ಸಮಾಧಾನ ಹೇಳಿದರೂ ಆಗಲಿಲ್ಲ. ಆಮೇಲೆ ಎಷ್ಟೋ ದಿನ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನನಗೆ ಅವರು "ನಮಸ್ಕಾರ, ಮಾಲೀಕ್ರೆ" ಎನ್ನುತ್ತಿದ್ದರು.

ಮಳೆಗಾಲ ಶುರುವಾಯಿತು. ಮೊದಲು ಮುಗ್ಗುಲು ವಾಸನೆ, ಆಮೇಲೆ ಅಲ್ಲಲ್ಲಿ ಗುಳ್ಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ, ಆಡಿಟರ ಕೈಗೆ ಜಗ್ಗದ ಕಾರ್ಪೆಟ್ಟು ಥಂಡಿಗೆ ತಾನಾಗಿಯೇ ಎದ್ದು ನಿಂತಿತ್ತು. ಆಸೆಯಿಂದ ಆಡಿಟರಿಗೆ ಫೋನ್ ಮಾಡಿದೆ. ಈಗ ಎದ್ದರೆ ಉಪಯೋಗವಿಲ್ಲ, ಹಾಕಿಸಿದಾಗ ಹೇಗಿತ್ತೋ ಅದೇ ಲೆಕ್ಕ ಎಂದರು. ಅವರ ದನಿಯಲ್ಲೂ ಸ್ವಲ್ಪ ಬೇಸರವಿತ್ತು.

ಸುರುಳಿ ಸುತ್ತಿ ಹೊರಗೆ ಹಾಕುವಾಗ ಒಂದು ತುದಿಯನ್ನು ಅತ್ತಿಗೆಯೇ ಹೊತ್ತಳು. ಈಗ ಎಳೆದರೆ ಬರುವಂಥ ದಪ್ಪ ಚಾಪೆ ಹಾಸಿದ್ದೇವೆ. ಅದರ ಜಿಎಸ್‌ಟಿ ಸಲೀಸಾಗಿ ಕಳೆಯಿತು.

ಹೋದ ಸಲ ಲೆಕ್ಕ ನೋಡುವಾಗ, ಆ ಕಾರ್ಪೆಟ್ಟಿನ ಸವಕಳಿ ಇನ್ನೂ ವರ್ಷವರ್ಷ ನಡೆಯುತ್ತಿದೆ ಎಂದು ಅತ್ತಿಗೆಗೆ ಹೇಳಿದೆ. ಅವಳು ಸೀರೆ ಮಡಚುವುದನ್ನು ನಿಲ್ಲಿಸಿದಳು.

"ಇಲ್ದೇ ಇದ್ದದ್ದ್ ಹ್ಯಾಂಗೆ ಸವಿತ್ತ್?"

ಸರಕಾರದ ಲೆಕ್ಕದಲ್ಲಿ ಸವೆಯುತ್ತದೆ ಎಂದೆ. ಅವಳು ಮಡಚುತ್ತಿದ್ದ ಸೀರೆಯನ್ನು ಬದಿಗಿಟ್ಟು, ಗಿರಾಕಿ ಬಂದದ್ದರಿಂದ ಎದ್ದು ಹೋದಳು.